ಇಳಿಯುವ ನಿಲ್ದಾಣ ಗೊತ್ತಿರಲಿ: ಇಸ್ಪೀಟ್ ಎಲೆ, ಪೋಕರ್ ಮತ್ತು ಮನಸ್ಸಿನ ಹತೋಟಿ

ಡಮ್ ಡಮ್ (ಕೋಲ್ಕತಾ): ಬೆಳಗಿನ ಒಂಬತ್ತರ ಆಸುಪಾಸಿನಲ್ಲಿ ಸಿಯಾಲ್ದಾ ಕಡೆಗೆ ಹೋಗುವ ಲೋಕಲ್ ರೈಲು ಡಮ್ ಡಮ್ ಜಂಕ್ಷನ್‌ಗೆ ಬಂದು ನಿಂತಾಗ ಬೋಗಿಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಆದರೂ ಆ ನೂಕುನುಗ್ಗಲಿನ ನಡುವೆ ಎದುರುಬದುರಾಗಿ ಕುಳಿತ ನಾಲ್ವರ ಮೊಣಕಾಲುಗಳ ಮೇಲೆ ಒಂದು ಟವೆಲ್ಲೋ, ಹಳೆಯ ಪತ್ರಿಕೆಯೋ ಹಾಸಿರುತ್ತದೆ. ಅದರ ಮೇಲೆ ಟಪಟಪನೆ ಇಸ್ಪೀಟ್ ಎಲೆಗಳು ಬೀಳುತ್ತಿರುತ್ತವೆ. ದಿನವೂ ಅದೇ ರೈಲು, ಅದೇ ಬೋಗಿ, ಅದೇ ನಾಲ್ವರು. ಮುಂಬಯಿ ಲೋಕಲ್‌ನ ಭಜನಾ ಮಂಡಳಿಗಳನ್ನು ಕಂಡವರಿಗೆ ಕೋಲ್ಕತಾದ ಈ ‘ಡೈಲಿ ಪ್ಯಾಸೆಂಜರ್’ಗಳ ಎಲೆಯಾಟ ಹೊಸತೆನಿಸದು.

ಇವರೆಲ್ಲ ನೈಹಾಟಿ, ಬಾರಾಸಾತ್ ಕಡೆಯಿಂದಲೇ ಸೀಟು ಹಿಡಿದು ಬಂದವರು. ಡಮ್ ಡಮ್ ಬಂತೆಂದರೆ ಅವರಲ್ಲಿ ಮೆಟ್ರೋ ಹಿಡಿಯಬೇಕಾದವರು ಎಲೆ ಕೆಳಗಿಟ್ಟು ಏಳುತ್ತಾರೆ. 1984ರ ನವೆಂಬರ್‌ನಲ್ಲಿ ಡಮ್ ಡಮ್‌ನಿಂದ ಬೆಲ್ಗಾಛಿಯಾವರೆಗೆ ಮೆಟ್ರೋ ಓಡಲಾರಂಭಿಸಿದ ಮೇಲೆ ಈ ನಿಲ್ದಾಣ ರೈಲು ಬದಲಿಸುವವರ ದೊಡ್ಡ ಕೂಡುಸ್ಥಳವಾಯಿತು. ಕೈಯಲ್ಲಿ ಎಂತಹ ಒಳ್ಳೆಯ ಎಲೆ ಇದ್ದರೂ ಸರಿ, ನಿಲ್ದಾಣ ಬಂದ ಮೇಲೆ ಆಟ ಮುಗಿಯಿತು. ಸೋತವನು ‘ಇನ್ನೊಂದೇ ಒಂದು ಆಟ’ ಎನ್ನುವಂತಿಲ್ಲ. ಎಂದರೆ ಆಫೀಸಿನ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುತ್ತದೆ. ಸೋಲಿನ ಸಿಟ್ಟು ಎಷ್ಟೇ ಇರಲಿ, ಮರುದಿನ ಬೆಳಗಿನವರೆಗೆ ತಣಿಯಲು ಅದಕ್ಕೆ ಸಮಯ ಸಿಗುತ್ತದೆ.

ಇದು ಸಣ್ಣ ಸಂಗತಿಯಲ್ಲ. ಇಸ್ಪೀಟ್ ಆಟದಲ್ಲಿ, ಅದರಲ್ಲೂ ಹಣ ಕಟ್ಟಿ ಆಡುವ ಪೋಕರ್‌ನಂತಹ ಆಟದಲ್ಲಿ, ಮನುಷ್ಯನನ್ನು ಕೆಡಿಸುವುದು ಕೆಟ್ಟ ಎಲೆಗಿಂತ ಹೆಚ್ಚಾಗಿ ಏಳಲಾರದ ಮನಸ್ಸು. ಊರು ಬಿಟ್ಟು ಬಂದು ದೂರದ ನಗರದಲ್ಲಿ ಬಾಡಿಗೆ ಕೋಣೆಯಲ್ಲಿ ಒಂಟಿಯಾಗಿ ಇರುವ ನಮ್ಮ ಯುವಕರ ಕೈಯಲ್ಲಿ ಮೊಬೈಲ್ ಫೋನ್ ಇರುವ ಈ ದಿನಗಳಲ್ಲಿ ಇದರ ಬಗ್ಗೆ ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳಿತು.

ಇಪ್ಪತ್ತೆಂಟಕ್ಕೂ ಇಪ್ಪತ್ತೊಂಬತ್ತಕ್ಕೂ ನಂಟು

ಬಂಗಾಳದ ರೈಲುಗಳಲ್ಲಿ, ಓಣಿಯ ಕ್ಲಬ್ಬುಗಳಲ್ಲಿ ಬಹಳ ಜನಪ್ರಿಯವಾದ ಆಟ ‘ಟ್ವೆಂಟಿ ನೈನ್’. ಕಾಸರಗೋಡು ಕಡೆಯವರಿಗೆ ಇದನ್ನು ನೋಡಿದೊಡನೆ ಗುರುತು ಹತ್ತುತ್ತದೆ, ಏಕೆಂದರೆ ಇದು ಕೇರಳದ ‘ಇಪ್ಪತ್ತೆಂಟು’ ಆಟದ ಒಡಹುಟ್ಟು. ಎರಡರಲ್ಲೂ ಏಳರಿಂದ ಎಕ್ಕದವರೆಗಿನ 32 ಎಲೆಗಳು. ಇಬ್ಬರಿಬ್ಬರ ಎರಡು ಜೋಡಿ. ಎರಡರಲ್ಲೂ ಗುಲಾಮನೇ ದೊಡ್ಡವನು, ರಾಜ ರಾಣಿಯರು ಅವನಿಗಿಂತ ಕೆಳಗೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1, ಹೀಗೆ ಒಂದು ಬಣ್ಣಕ್ಕೆ 7 ಅಂಕ. ನಾಲ್ಕು ಬಣ್ಣಕ್ಕೆ 28. ಕೊನೆಯ ಸುತ್ತು ಗೆದ್ದವರಿಗೆ ಇನ್ನೊಂದು ಅಂಕ ಸೇರಿಸಿದರೆ 29.

ಈ ಆಟದ ಸ್ವಾರಸ್ಯವೆಂದರೆ ಮೊದಲು ನಾಲ್ಕೇ ಎಲೆ ಹಂಚುತ್ತಾರೆ. ಆ ನಾಲ್ಕನ್ನು ನೋಡಿಯೇ ಎಷ್ಟು ಅಂಕ ಮಾಡುತ್ತೇನೆಂದು ಕೂಗಬೇಕು. ಉಳಿದ ನಾಲ್ಕು ಎಲೆ ಬರುವುದು ಆಮೇಲೆ. ಕೂಗಿ ಗೆದ್ದವನು ತುರುಫನ್ನು ಆರಿಸಿ ಗುಟ್ಟಾಗಿ ಇಡುತ್ತಾನೆ. ಅಂದರೆ ಅರ್ಧ ಗೊತ್ತಿದ್ದು ಅರ್ಧ ಗೊತ್ತಿಲ್ಲದೆ ಮಾತು ಕೊಡಬೇಕು, ಕೊಟ್ಟ ಮಾತು ನಡೆಸಬೇಕು. ಎದುರಾಳಿ ಒಂದು ಕೂಗಿದನೆಂದು ರೋಷಕ್ಕೆ ತಾನೊಂದು ಕೂಗುವವನು ಬಹುಪಾಲು ಸೋಲುತ್ತಾನೆ. ಅವನೊಬ್ಬನೇ ಅಲ್ಲ, ಎದುರಿಗೆ ಕುಳಿತ ಅವನ ಜೊತೆಗಾರನೂ ಸೋಲುತ್ತಾನೆ. ‘ಮಾಥಾ ಠಾಂಡಾ ರಾಖೋ’ (ತಲೆ ತಣ್ಣಗಿಟ್ಟುಕೋ) ಎಂಬ ಬಂಗಾಳಿ ಬುದ್ಧಿಮಾತು ಎಲೆಯಾಟದವರಿಗೆಂದೇ ಹುಟ್ಟಿದಂತಿದೆ.

ಕರಾವಳಿಯ ಓದುಗರಿಗೆ ‘ಉಲಾಯಿ ಪಿದಾಯಿ’ ಗೊತ್ತೇ ಇದೆ. ಅದರಲ್ಲಿ ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದಷ್ಟೇ ಲೆಕ್ಕ. ಬುದ್ಧಿಗೆ ಕೆಲಸವಿಲ್ಲ, ತಾಳ್ಮೆಗೂ ಕೆಲಸವಿಲ್ಲ. ಪೋಕರ್ ಈ ಜಾತಿಯದಲ್ಲ. ಅದು ಟ್ವೆಂಟಿ ನೈನ್‌ನಂತೆ ಅರ್ಧ ಕತ್ತಲೆಯಲ್ಲಿ ನಿರ್ಧಾರ ಮಾಡುವ ಆಟ. ಆದುದರಿಂದಲೇ ಅಲ್ಲಿ ಮನಸ್ಸಿನ ಹತೋಟಿಯ ಮಾತು ಬರುತ್ತದೆ.

ಪೋಕರ್‌ನಲ್ಲಿ ಆಡುವುದಕ್ಕಿಂತ ಬಿಡುವುದು ಹೆಚ್ಚು

ಇಂದು ಹೆಚ್ಚು ಪ್ರಚಾರದಲ್ಲಿರುವುದು ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪೋಕರ್. ಪ್ರತಿಯೊಬ್ಬನಿಗೆ ಎರಡು ಎಲೆ ಗುಟ್ಟಾಗಿ ಕೊಡುತ್ತಾರೆ. ಆಮೇಲೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಮತ್ತೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆ ತೆರೆಯುತ್ತಾರೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಕೂಡಿಸಿದವನು ಗೆದ್ದ. ನಡುನಡುವೆ ಹಣ ಏರಿಸಬಹುದು, ಸರಿಗಟ್ಟಬಹುದು, ಅಥವಾ ನಮ್ಮ ‘ತೀನ್ ಪತ್ತಿ’ಯವರ ಭಾಷೆಯಲ್ಲಿ ಹೇಳುವಂತೆ ಪ್ಯಾಕ್ ಮಾಡಬಹುದು.

ಹೊಸಬರಿಗೆ ಆಶ್ಚರ್ಯವೆನಿಸುವ ಸಂಗತಿಯೆಂದರೆ ತುಂಬಿದ ಮೇಜಿನಲ್ಲಿ ನುರಿತ ಆಟಗಾರರು ನೂರರಲ್ಲಿ ಎಪ್ಪತ್ತೈದು ಎಂಬತ್ತು ಕೈಗಳನ್ನು ಮೊದಲಿಗೇ ಪ್ಯಾಕ್ ಮಾಡಿಬಿಡುತ್ತಾರೆ. ಎಕ್ಕದ ಜೋಡಿ ಕೈಗೆ ಬರುವುದು ಸರಾಸರಿ 221 ಕೈಗೆ ಒಂದು ಸಲ. ಗಂಟೆಗಟ್ಟಲೆ ಕುಳಿತು ಎಲೆ ನೋಡುವುದು, ಇಳಿಸುವುದು, ಮತ್ತೆ ನೋಡುವುದು, ಮತ್ತೆ ಇಳಿಸುವುದು. ಸಿನಿಮಾದಲ್ಲಿ ತೋರಿಸುವಂತೆ ಕಣ್ಣು ಕೆಂಪಗೆ ಮಾಡಿ ರಾಶಿ ಹಣ ಮುಂದೆ ತಳ್ಳುವುದು ಅಪರೂಪ. ಬೇಸರವನ್ನು ತಾಳಿಕೊಳ್ಳುವುದೇ ಈ ಆಟದ ಮೊದಲ ಪರೀಕ್ಷೆ ಎಂದರೆ ಅತಿಶಯೋಕ್ತಿಯಾಗಲಾರದು.

ಎರಡನೆಯದು ಲೆಕ್ಕ. ಒಂದು ಉದಾಹರಣೆ ನೋಡೋಣ. ಕೈಯ ಎರಡು ಮತ್ತು ಮೇಜಿನ ಎರಡು ಸೇರಿ ನಾಲ್ಕು ಆಟೀನು ಇವೆ. ಐದನೆಯ ಆಟೀನು ಬಂದರೆ ಗೆಲುವು ಬಹುತೇಕ ಖಚಿತ ಎಂದಿಟ್ಟುಕೊಳ್ಳಿ. ಆತನಿಗೆ ಕಂಡಿರುವುದು ಐದು ಎಲೆ, ಕಾಣದಿರುವುದು 47. ಅದರಲ್ಲಿ ಉಳಿದ ಆಟೀನು 9. ಮುಂದಿನ ಎಲೆಯೇ ಆಟೀನು ಆಗುವ ಸಂಭವ ಹೆಚ್ಚುಕಡಿಮೆ ಐದಕ್ಕೆ ಒಂದು. ಮುಂದಿನ ಆ ಒಂದು ಎಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಮೇಜಿನ ಮೇಲೆ 200 ರೂಪಾಯಿ ಇದ್ದು ಮುಂದುವರಿಯಲು 100 ಕೊಡಬೇಕಾದಲ್ಲಿ ಅವನು ಮೂರಕ್ಕೆ ಒಂದು ಸಲವಾದರೂ ಗೆಲ್ಲಬೇಕು. ಸಂಭವ ಐದಕ್ಕೆ ಒಂದೇ ಇರುವುದರಿಂದ ಎಲೆ ಇಳಿಸುವುದು ಲೇಸು. ಅದೇ 600 ರೂಪಾಯಿ ಇದ್ದರೆ ಏಳಕ್ಕೆ ಒಂದು ಸಲ ಗೆದ್ದರೂ ಸಾಕು, ಮುಂದುವರಿಯಬಹುದು. ಎಲೆ ಅದೇ, ಆಸೆಯೂ ಅದೇ, ಆದರೆ ಲೆಕ್ಕ ಬೇರೆ. ಸಿಟ್ಟಿನಲ್ಲಿರುವವನಿಗೆ ಈ ಸಣ್ಣ ಭಾಗಾಕಾರವೂ ತಲೆಗೆ ಹತ್ತುವುದಿಲ್ಲ.

ಸರಿಯಾಗಿ ಆಡಿಯೂ ಸೋತಾಗ

ತಪ್ಪು ಮಾಡಿ ಸೋತರೆ ಮನುಷ್ಯ ಹೇಗೋ ಸಹಿಸುತ್ತಾನೆ. ಸರಿಯಾಗಿ ಆಡಿಯೂ ಸೋತರೆ ಸಹಿಸುವುದು ಕಷ್ಟ. ಪೋಕರ್‌ನಲ್ಲಿ ಇದು ದಿನನಿತ್ಯದ ಸಂಗತಿ. ಒಬ್ಬನಲ್ಲಿ ಎಕ್ಕದ ಜೋಡಿ, ಎದುರಾಳಿಯಲ್ಲಿ ರಾಜರ ಜೋಡಿ ಇದ್ದು ಇಬ್ಬರೂ ಪೂರ್ತಿ ಹಣ ಕಟ್ಟಿದರೆ ಎಕ್ಕದವನು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ ಹದಿನೆಂಟು ಸಲ, ಅಂದರೆ ಐದಾರು ಸಲಕ್ಕೊಮ್ಮೆ, ಅತ್ಯುತ್ತಮ ಎಲೆ ಹಿಡಿದು ಯಾವ ತಪ್ಪನ್ನೂ ಮಾಡದವನು ಕೈ ಖಾಲಿ ಮಾಡಿಕೊಳ್ಳುತ್ತಾನೆ.

ಆ ಕ್ಷಣದ ನಂತರ ಅವನು ಏನು ಮಾಡುತ್ತಾನೆ ಎಂಬುದರಲ್ಲಿ ಎಲ್ಲವೂ ಇದೆ. ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ‘ನನಗೆ ಅನ್ಯಾಯವಾಯಿತು’ ಎಂಬ ಮಾತು ಒಳಗೊಳಗೇ ಸುತ್ತುತ್ತದೆ. ಮುಂದಿನ ಕೈಯಲ್ಲಿ ಇಳಿಸಬೇಕಾದ ಎಲೆಯನ್ನು ಹಿಡಿದುಕೊಳ್ಳುತ್ತಾನೆ, ಏರಿಸಬಾರದಲ್ಲಿ ಏರಿಸುತ್ತಾನೆ. ಈ ಸ್ಥಿತಿಗೆ ಪೋಕರ್‌ನವರು ‘ಟಿಲ್ಟ್’ ಎನ್ನುತ್ತಾರೆ. ಹಿಂದೆ ಪಿನ್‌ಬಾಲ್ ಎಂಬ ಆಟದ ಯಂತ್ರವನ್ನು ಕೋಪದಿಂದ ಅಲುಗಾಡಿಸಿದರೆ ಅದು ಆಟ ನಿಲ್ಲಿಸಿ ‘ಟಿಲ್ಟ್’ ಎಂಬ ಅಕ್ಷರ ತೋರಿಸುತ್ತಿತ್ತು. ಹೆಸರು ಅಲ್ಲಿಂದ ಬಂದುದು. ಯಂತ್ರ ತಾನಾಗಿ ನಿಲ್ಲುತ್ತಿತ್ತು, ಮನುಷ್ಯ ನಿಲ್ಲುವುದಿಲ್ಲ, ವ್ಯತ್ಯಾಸ ಇಷ್ಟೇ. ಡಮ್ ಡಮ್ ಊರಿನ ಹೆಸರನ್ನು ಜಗತ್ತಿಗೆ ತಿಳಿಸಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಯಾರಾದ ‘ಡಮ್ ಡಮ್ ಗುಂಡು’. ಅದು ದೇಹದೊಳಗೆ ಹೊಕ್ಕ ಮೇಲೆ ಅರಳಿ ದೊಡ್ಡ ಗಾಯ ಮಾಡುತ್ತಿತ್ತು. 1899ರ ಹೇಗ್ ಸಮ್ಮೇಳನದಲ್ಲಿ ಅಂತಹ ಗುಂಡುಗಳನ್ನು ನಿಷೇಧಿಸಲಾಯಿತು. ಸೋಲಿನ ಸಿಟ್ಟು ಕೂಡ ಹಾಗೆಯೇ, ಒಳಗೆ ಹೋದ ಮೇಲೆ ಅರಳುವಂಥದು.

ಮನಶ್ಶಾಸ್ತ್ರಜ್ಞೆ ಮರಿಯಾ ಕೊನ್ನಿಕೋವಾ ಅವರ ಅನುಭವ ಇಲ್ಲಿ ಉಲ್ಲೇಖನೀಯ. ಆತ್ಮಸಂಯಮದ ಸಂಶೋಧನೆಗೆ ಹೆಸರಾದ ವಾಲ್ಟರ್ ಮಿಶೆಲ್ ಅವರ ಶಿಷ್ಯೆಯಾದ ಈಕೆಗೆ ಪೋಕರ್ ಆಡಿಯೇ ಗೊತ್ತಿರಲಿಲ್ಲ. ಅದೃಷ್ಟ ಎಷ್ಟು, ಸ್ವಂತ ಬುದ್ಧಿ ಎಷ್ಟು ಎಂದು ತಿಳಿಯುವ ಕುತೂಹಲದಿಂದ ಹಿರಿಯ ಆಟಗಾರ ಎರಿಕ್ ಸೈಡೆಲ್ ಅವರ ಬಳಿ ಕಲಿತು, 2018ರಲ್ಲಿ ಬಹಾಮಾಸ್‌ನ ಒಂದು ಪಂದ್ಯಾವಳಿಯನ್ನು ಗೆದ್ದರು. 2020ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಕೆಟ್ಟ ಅದೃಷ್ಟದಿಂದ ಹೇಗೆ ಸೋತೆನೆಂಬ ಕಥೆ ಹೇಳಲು ಹೋದಾಗ ಗುರು ಕೇಳಲೊಪ್ಪುತ್ತಿರಲಿಲ್ಲ. ಎಲೆ ಹೇಗೆ ಬಿತ್ತೆಂಬುದು ಅವರಿಗೆ ಬೇಕಿರಲಿಲ್ಲ, ನಿರ್ಧಾರ ಹೇಗೆ ಮಾಡಿದೆ ಎಂಬುದಷ್ಟೇ ಬೇಕಾಗಿತ್ತು. ಗೋಳು ಹೇಳಿಕೊಂಡಷ್ಟೂ ಗಾಯ ಹಸಿಯಾಗಿರುತ್ತದೆ ಎಂಬುದು ಮನೆಯ ವ್ಯವಹಾರಕ್ಕೂ ಸಲ್ಲುವ ಮಾತು.

‘ಕಳಕೊಂಡಲ್ಲೇ ಹುಡುಕುವ’ ತಪ್ಪು

ಕಳಕೊಂಡದ್ದನ್ನು ಕಳಕೊಂಡಲ್ಲೇ ಹುಡುಕಬೇಕು ಎಂದು ಹಿರಿಯರು ಹೇಳುತ್ತಾರೆ. ಬಿದ್ದ ಉಂಗುರಕ್ಕೆ ಅದು ಸರಿ. ಇಸ್ಪೀಟ್ ಮೇಜಿನಲ್ಲಿ ಕಳೆದ ಹಣಕ್ಕೆ ಅದೇ ಮಾತನ್ನು ಹಿಡಿದರೆ ಸರ್ವನಾಶ. ಲೆಕ್ಕ ಸರಳ: ಹತ್ತು ಸಾವಿರದಲ್ಲಿ ಐದು ಸಾವಿರ ಕಳೆದರೆ ಹೋದದ್ದು ಶೇಕಡಾ 50. ಉಳಿದ ಐದನ್ನು ಮತ್ತೆ ಹತ್ತು ಮಾಡಲು ಶೇಕಡಾ 100 ಗೆಲ್ಲಬೇಕು. ಇಳಿಯುವ ದಾರಿ ಇಳಿಜಾರು, ಹತ್ತುವ ದಾರಿ ಕಡಿದು.

ಇನ್ನು ಕೆಲವರು ಸೋತಾಗಲೆಲ್ಲ ಪಂದ್ಯದ ಹಣವನ್ನು ಇಮ್ಮಡಿ ಮಾಡುತ್ತ ಹೋದರೆ ಎಂದಾದರೊಮ್ಮೆ ಎಲ್ಲವೂ ವಾಪಸು ಬರುತ್ತದೆ ಎಂದು ನಂಬುತ್ತಾರೆ. 100 ರೂಪಾಯಿಯಿಂದ ಆರಂಭಿಸಿ ಹತ್ತು ಸಲ ಸತತವಾಗಿ ಸೋತರೆ ಹೋದ ಮೊತ್ತ 1,02,300 ರೂಪಾಯಿ. ಹನ್ನೊಂದನೆಯ ಸಲ 1,02,400 ಕಟ್ಟಬೇಕು. ಅದನ್ನು ಗೆದ್ದರೂ ಒಟ್ಟು ಲಾಭ ನೂರೇ ರೂಪಾಯಿ! ಹತ್ತು ಸಲ ಸತತ ಸೋಲು ಬರಲಾರದು ಎನ್ನುವವರು 1913ರ ಆಗಸ್ಟ್ 18ರ ರಾತ್ರಿಯನ್ನು ನೆನೆಯಬೇಕು. ಅಂದು ಮಾಂಟೆ ಕಾರ್ಲೋದ ಜೂಜುಕಟ್ಟೆಯಲ್ಲಿ ತಿರುಗುವ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮೇಲೆಯೇ ನಿಂತಿತು. ‘ಇನ್ನು ಕೆಂಪು ಬಂದೇ ಬರುತ್ತದೆ’ ಎಂದು ಕೆಂಪಿಗೆ ಕಟ್ಟುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಚಕ್ರಕ್ಕಾಗಲಿ ಎಲೆಗಾಗಲಿ ಹಿಂದಿನದು ನೆನಪಿರುವುದಿಲ್ಲ; ನೆನಪಿರುವುದು ಸೋತವನಿಗೆ ಮಾತ್ರ.

ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ. ಮೇಜಿನ ಸುತ್ತ ಕುಳಿತವರ ಹಣವೆಲ್ಲ ಕೂಡಿದರೂ ಅದು ಬೆಳೆಯುವುದಿಲ್ಲ, ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗುತ್ತದೆ ಅಷ್ಟೆ. ಆಟ ನಡೆಸುವವನು ಪ್ರತಿ ಕೈಯಿಂದ ತನ್ನ ಪಾಲು ತೆಗೆಯುತ್ತಾನಾದ್ದರಿಂದ ಒಟ್ಟು ಮೊತ್ತ ಕರಗುತ್ತಲೇ ಇರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಬಡ್ಡಿ ಕೊಡದೆ ಖರ್ಚು ಮಾತ್ರ ಹಿಡಿಯುವ ಖಾತೆ. ಬುದ್ಧಿವಂತನೂ ಮೊದಲು ಈ ಖರ್ಚನ್ನು ತುಂಬಿ ಆಮೇಲೆ ಲಾಭ ನೋಡಬೇಕು.

ಧರ್ಮರಾಯ ಮತ್ತು ಕಂಕಭಟ್ಟ

ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ನಮ್ಮವರಿಗೆ ಈ ಪಾಠ ಹೊಸತಲ್ಲ. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯ ಒಂದೊಂದಾಗಿ ಐಶ್ವರ್ಯ, ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ ಕಥೆ ಎಲ್ಲರಿಗೂ ಗೊತ್ತು. ಆದರೆ ಹೆಚ್ಚು ವಿಚಾರ ಮಾಡಬೇಕಾದುದು ಅದರ ಮುಂದಿನ ಭಾಗ. ದ್ರೌಪದಿಗೆ ಧೃತರಾಷ್ಟ್ರ ಕೊಟ್ಟ ವರದಿಂದ ಸೋತದ್ದೆಲ್ಲ ವಾಪಸು ಬಂತು. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದಿದ್ದರು. ಆಗ ಮತ್ತೆ ಕರೆ ಬಂತು. ಧರ್ಮರಾಯ ಹಿಂದಿರುಗಿ ಬಂದು ಮತ್ತೆ ಕುಳಿತ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಆ ಒಂದು ಆಟದ ಬೆಲೆ. ಮೊದಲ ಸಲ ಸೋತದ್ದಕ್ಕೆ ಶಕುನಿಯ ಮೋಸ ಕಾರಣವೆನ್ನಬಹುದು. ಇಳಿದು ಹೋದವನು ಮತ್ತೆ ಬಂದು ಹತ್ತಿದ್ದಕ್ಕೆ ಯಾರನ್ನು ದೂರುವುದು?

ಅದೇ ಧರ್ಮರಾಯ ವಿರಾಟನ ಅರಮನೆಯಲ್ಲಿ ಕಂಕಭಟ್ಟನಾಗಿ ಪಗಡೆಯಾಡುವಾಗ ಬೇರೆಯೇ ಮನುಷ್ಯ. ಉತ್ತರಕುಮಾರನ ಗೆಲುವಿಗೆ ಬೃಹನ್ನಳೆ ಕಾರಣ ಎಂದ ಮಾತಿಗೆ ಸಿಟ್ಟಾದ ವಿರಾಟ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ. ಮೂಗಿನಿಂದ ರಕ್ತ ಸುರಿಯುತ್ತದೆ. ಚಕ್ರವರ್ತಿಯಾಗಿದ್ದವನು ಕೈ ಎತ್ತಲಿಲ್ಲ, ಗುರುತು ಹೇಳಲಿಲ್ಲ. ರಕ್ತ ನೆಲಕ್ಕೆ ಬೀಳದಂತೆ ಬೊಗಸೆಯಲ್ಲಿ ಹಿಡಿದ. ಸೈರಂಧ್ರಿ ಪಾತ್ರೆ ತಂದು ಒಡ್ಡಿದಳು. ಅರ್ಜುನ ಈ ರಕ್ತ ಕಂಡರೆ ವಿರಾಟ ಉಳಿಯುವುದಿಲ್ಲವೆಂದು ಬೃಹನ್ನಳೆಯನ್ನು ಒಳಗೆ ಬಿಡದಂತೆ ದ್ವಾರಪಾಲಕನಿಗೆ ಮೆಲ್ಲನೆ ಹೇಳಿದ. ಹೊಡೆತ ಬಿದ್ದ ಕ್ಷಣದಲ್ಲೂ ಮುಂದೇನಾದೀತೆಂಬ ಲೆಕ್ಕ ತಪ್ಪಲಿಲ್ಲ.

ಇದೇ ತೂಕದ ಇನ್ನೊಂದು ಕಥೆ ನಳನದು. ಕನಕದಾಸರು ‘ನಳಚರಿತ್ರೆ’ಯಲ್ಲಿ ಅದನ್ನು ಕನ್ನಡಕ್ಕೆ ಕೊಟ್ಟಿದ್ದಾರೆ. ಮಹಾಭಾರತದ ಪ್ರಕಾರ ಕಲಿ ಮೈಹೊಕ್ಕ ನಳ ಯಾರ ಮಾತೂ ಕೇಳದೆ ಪುಷ್ಕರನೊಡನೆ ಆಡಿ ರಾಜ್ಯ ಕಳೆದುಕೊಂಡ. ಮುಂದೆ ಬಾಹುಕನೆಂಬ ಹೆಸರಿನ ಸಾರಥಿಯಾಗಿ ಋತುಪರ್ಣ ರಾಜನ ರಥ ಓಡಿಸುವಾಗ, ದಾರಿಯ ತಾರೆ ಮರದ ಎಲೆ ಕಾಯಿಗಳನ್ನು ರಾಜ ನೋಡಿದ ಮಾತ್ರಕ್ಕೆ ಎಣಿಸಿ ಹೇಳಿದ. ನಳ ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡಿದ; ಲೆಕ್ಕ ಸರಿಯಾಗಿತ್ತು. ಆ ವಿದ್ಯೆಯನ್ನು, ಅಕ್ಷಹೃದಯವನ್ನು, ಕಲಿತೊಡನೆ ಕಲಿ ಅವನ ಮೈಬಿಟ್ಟು ಹೋದ. ಲೆಕ್ಕ ಒಳಗೆ ಬಂದಾಗ ಕಲಿ ಹೊರಗೆ ಹೋದ ಎಂಬುದು ಎಷ್ಟು ಅರ್ಥಪೂರ್ಣ! ಆಮೇಲೆ ಪುಷ್ಕರನನ್ನು ಗೆದ್ದ ನಳ ಸೇಡು ತೀರಿಸಿಕೊಳ್ಳಲಿಲ್ಲ, ಕ್ಷಮಿಸಿ ಕಳುಹಿದ.

ಜಕಾರ್ತಾದಿಂದ ಬಂದ ಚಿನ್ನ

ಎಲೆಯಾಟದಲ್ಲಿ ತಾಳ್ಮೆಗೆ ಸಿಕ್ಕ ದೊಡ್ಡ ಗೌರವ ಬಂದುದು ಈ ಬಂಗಾಳಕ್ಕೇ ಎಂಬುದು ಗಮನಾರ್ಹ. 2018ರ ಸೆಪ್ಟೆಂಬರ್ 1ರಂದು ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರ ಜೋಡಿ ಬ್ರಿಜ್ ಸ್ಪರ್ಧೆಯ ಚಿನ್ನ ಗೆದ್ದವರು ಪಶ್ಚಿಮ ಬಂಗಾಳದ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಆಗ ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್ ಪದಕದ ಆಟವಾದುದು ಅದೇ ಮೊದಲು. 384 ಅಂಕ ಗಳಿಸಿದ ಇವರ ಹಿಂದೆ 378 ಅಂಕಗಳ ಚೀನಾ ಜೋಡಿ ಇತ್ತು. ಓಟಗಾರನ ಕಾಲು ಸೋಲುವ ವಯಸ್ಸಿನಲ್ಲಿ ಈ ಇಬ್ಬರ ಮನಸ್ಸು ಗೆದ್ದಿತು.

ಬ್ರಿಜ್ ಸ್ಪರ್ಧೆಯಲ್ಲಿ ಒಂದೇ ರೀತಿ ಹಂಚಿದ ಎಲೆಗಳನ್ನು ಬೇರೆ ಬೇರೆ ಮೇಜಿನವರು ಆಡುತ್ತಾರೆ. ಆದುದರಿಂದ ‘ನನಗೆ ಎಲೆ ಬರಲಿಲ್ಲ’ ಎಂಬ ನೆಪಕ್ಕೆ ಅವಕಾಶವಿಲ್ಲ. ಇನ್ನೊಂದು ವಿಶೇಷವೆಂದರೆ ಅಲ್ಲಿ ಮುಖಭಾವದಿಂದ, ಧ್ವನಿಯಿಂದ, ನಿಟ್ಟುಸಿರಿನಿಂದ ಜೊತೆಗಾರನಿಗೆ ಸುಳಿವು ಕೊಡುವುದು ನಿಯಮಕ್ಕೆ ವಿರುದ್ಧ. ಅಂದರೆ ಭಾವನೆಯ ಹತೋಟಿ ಬರಿಯ ಸದ್ಗುಣವಲ್ಲ, ಆಟದ ಕಾನೂನು. ಜೊತೆಗಾರ ಎಡವಿದರೂ ಹುಬ್ಬು ಗಂಟಿಕ್ಕದೆ ಮುಂದಿನ ಎಲೆ ಹಾಕಬೇಕು. ಸಂಸಾರ ನಡೆಸಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ.

ನಿಲ್ದಾಣವಿಲ್ಲದ ರೈಲು

ಪೋಕರ್ ಕೌಶಲದ ಆಟವೋ ಜೂಜೋ ಎಂಬ ವಿವಾದ ಹಳೆಯದು. ಪಶ್ಚಿಮ ಬಂಗಾಳದ 1957ರ ಜೂಜು ಕಾಯಿದೆಯಲ್ಲಿ ಬ್ರಿಜ್, ಪೋಕರ್, ರಮ್ಮಿಯಂತಹ ಎಲೆಯಾಟಗಳನ್ನು ಜೂಜಿನ ವ್ಯಾಖ್ಯೆಯಿಂದ ಹೊರಗಿಡಲಾಯಿತು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಪೋಕರ್ ಆಟಗಾರರ ಪರವಾಗಿ ಆದೇಶ ನೀಡಿದರೆ, ಗುಜರಾತ್ ಹೈಕೋರ್ಟ್ 2017ರಲ್ಲಿ ಅದು ಜೂಜೇ ಎಂದಿತು. ಕರ್ನಾಟಕ ಸರಕಾರ 2021ರಲ್ಲಿ ತಂದ ನಿಷೇಧದ ಪ್ರಮುಖ ಕಲಮುಗಳನ್ನು 2022ರ ಫೆಬ್ರವರಿ 14ರಂದು ಅಲ್ಲಿನ ಹೈಕೋರ್ಟ್ ರದ್ದುಪಡಿಸಿತು. ಕೊನೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅಂತಹ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆಡಿದವನನ್ನು ಶಿಕ್ಷೆಗೆ ಗುರಿಪಡಿಸಿಲ್ಲ.

ಕಾನೂನು ಏನೇ ಹೇಳಲಿ, ಕಳ್ಳದಾರಿಗಳು ಇದ್ದೇ ಇರುತ್ತವೆ. ಲೋಕಲ್ ರೈಲಿನ ಆಟಕ್ಕೂ ಮೊಬೈಲಿನ ಆಟಕ್ಕೂ ಇರುವ ಅಂತರವನ್ನು ಇಲ್ಲಿ ತಿಳಿಯಬೇಕು. ರೈಲಿನಲ್ಲಿ ಎಲೆ ಕಲಸಬೇಕು, ಹಂಚಬೇಕು, ನಾಲ್ವರು ಕೂಡಬೇಕು. ಎದುರಿಗಿದ್ದವನು ಸೋತವನ ಮುಖ ನೋಡಿ ‘ಇವತ್ತಿಗೆ ಸಾಕು ದಾದಾ’ ಎನ್ನುತ್ತಾನೆ. ಮೊಬೈಲಿನಲ್ಲಿ ಕಲಸುವ ಹೊತ್ತೂ ಇಲ್ಲ, ಮುಖ ನೋಡುವವರೂ ಇಲ್ಲ, ಡಮ್ ಡಮ್ ಕೂಡ ಬರುವುದಿಲ್ಲ. ರಾತ್ರಿ ಹನ್ನೆರಡಕ್ಕೆ ಸೋತವನು ಹನ್ನೆರಡು ಗಂಟೆ ಒಂದು ನಿಮಿಷಕ್ಕೆ ಮತ್ತೆ ಕುಳಿತಿರುತ್ತಾನೆ.

ಇದರ ಗುರುತು ಮುಖದಲ್ಲಿ ಕಾಣದಿದ್ದರೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ನಡುರಾತ್ರಿಯ ನಂತರ ಒಂದೇ ಗಂಟೆಯೊಳಗೆ 500, ಮತ್ತೆ 500, ಆಮೇಲೆ 1,000, 2,000, 4,000 ಎಂದು ಏರುತ್ತ ಹೋಗುವ ಖರ್ಚಿನ ಸಾಲುಗಳು ಸೋತ ಹಣದ ಬೆನ್ನಟ್ಟಿದವನ ಹೆಜ್ಜೆ ಗುರುತುಗಳು. ಆರ್‌ಡಿ ಅವಧಿಗೆ ಮುನ್ನವೇ ಮುರಿಯುವುದು, ಕೇಳಿದವರಿಗೆ ಕಾರಣ ಹೇಳದೆ ಚಿನ್ನ ಅಡವಿಡುವುದು, ಊರಿಗೆ ಕಳುಹಿಸುವ ಹಣ ಎರಡು ತಿಂಗಳಿಂದ ತಪ್ಪುವುದು, ಇವೆಲ್ಲ ಆಮೇಲಿನವು. ಊರಿನಲ್ಲಿ ತಾಯಿ ‘ಮಗನಿಗೆ ಸಂಬಳ ತಡವಾಗಿರಬೇಕು’ ಎಂದುಕೊಂಡಿರುತ್ತಾಳೆ. ಆ ಮನೆಯ ದೃಷ್ಟಿಯಲ್ಲಿ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ.

ಮಾಡಬಹುದಾದುದೇನು?

ಮನಸ್ಸನ್ನು ಹಿಡಿತದಲ್ಲಿಡು ಎಂದು ಬರಿಯ ಉಪದೇಶ ಮಾಡಿದರೆ ಪ್ರಯೋಜನವಿಲ್ಲ, ಏಕೆಂದರೆ ಸಿಟ್ಟು ಏರಿದ ಮೇಲೆ ಉಪದೇಶ ನೆನಪಿಗೆ ಬರುವುದಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆದುದರಿಂದ ನಿಯಮವನ್ನು ತಣ್ಣಗಿರುವಾಗಲೇ ಮಾಡಿಟ್ಟುಕೊಳ್ಳಬೇಕು. ದೀಪಾವಳಿಯ ರಾತ್ರಿ ಗೆಳೆಯರ ಮನೆಯಲ್ಲಿ ಬಟನ್, ಬೆಂಕಿಕಡ್ಡಿ ಕಟ್ಟಿ ಆಡುವವರಿಗೂ ಇದು ಅನ್ವಯಿಸುತ್ತದೆ.

ಕೂರುವ ಮೊದಲೇ ಏಳುವ ಹೊತ್ತನ್ನು ಗೊತ್ತುಮಾಡಿ ಇನ್ನೊಬ್ಬರಿಗೆ ಹೇಳಿಡಬೇಕು. ತನಗೆ ತಾನೇ ಕೊಟ್ಟ ಮಾತು ಸುಲಭವಾಗಿ ಮುರಿಯುತ್ತದೆ, ಹೆಂಡತಿಗೋ ಗೆಳೆಯನಿಗೋ ಕೊಟ್ಟದ್ದು ಅಷ್ಟು ಸುಲಭದಲ್ಲಿ ಮುರಿಯದು. ದೊಡ್ಡ ಕೈ ಸೋತೊಡನೆ ಮುಂದಿನ ಎಲೆ ಮುಟ್ಟದೆ ಎದ್ದು ಹೊರಗೆ ಹೋಗಿ ನೀರು ಕುಡಿದು ಬರಬೇಕು. ದೊಡ್ಡ ಕೈ ಗೆದ್ದಾಗಲೂ ಹಾಗೆಯೇ. ಗೆಲುವಿನ ಅಮಲು ಸೋಲಿನ ಸಿಟ್ಟಿನಷ್ಟೇ ಲೆಕ್ಕ ತಪ್ಪಿಸುತ್ತದೆ. ಆಟ ಮುಗಿದ ಮೇಲೆ ಎಷ್ಟು ಗೆದ್ದೆ ಎಂದು ಬರೆಯುವ ಬದಲು ಯಾವ ನಿರ್ಧಾರ ಏಕೆ ಮಾಡಿದೆ ಎಂದು ಬರೆದಿಟ್ಟರೆ ತನ್ನ ದುರ್ಬಲ ಗಳಿಗೆ ತನಗೇ ತಿಳಿಯುತ್ತದೆ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಸಂಜೆ ಲೆಕ್ಕ ಕೂಡದಿದ್ದಾಗ ಕಿಸೆಯಿಂದ ಹಣ ಹಾಕಿ ಸರಿದೂಗಿಸಬಾರದು, ಮೊದಲಿನಿಂದ ಮತ್ತೆ ಎಣಿಸಬೇಕು. ಹತ್ತರಲ್ಲಿ ಒಂಬತ್ತು ಸಲ ತಪ್ಪು ಸಿಗುವುದು ಅವಸರದಲ್ಲಿ ಬರೆದ ಸಾಲಿನಲ್ಲಿ. ಆಟಕ್ಕೂ ಅದೇ ನ್ಯಾಯ.

ನಿಯಮ ಮಾಡಿಟ್ಟುಕೊಂಡೂ ಪಾಲಿಸಲಾಗದಿದ್ದರೆ ಅದು ತಾಳ್ಮೆಯ ಕೊರತೆಯಲ್ಲ, ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಸಾಲಿನಲ್ಲಿ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್‌ನೆಟ್ ಚಟಕ್ಕೆ ‘ಶಟ್ ಕ್ಲಿನಿಕ್’ ಎಂಬ ಪ್ರತ್ಯೇಕ ವಿಭಾಗವಿದೆ. ಕೇಂದ್ರ ಸರಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಯಾವ ಊರಿನಿಂದಲೂ ಉಚಿತವಾಗಿ ಫೋನ್ ಮಾಡಿ ಮಾತಾಡಬಹುದು. ಜ್ವರ ಬಂದಾಗ ವೈದ್ಯರಲ್ಲಿಗೆ ಹೋಗಲು ನಾಚದವರು ಇದಕ್ಕೂ ನಾಚಬೇಕಾಗಿಲ್ಲ.

ನಮ್ಮ ಸಂಘ ಸಂಸ್ಥೆಗಳೂ ಇಲ್ಲಿ ಸ್ವಲ್ಪ ಮಾಡಬಹುದು. ರಾಜ್ಯೋತ್ಸವ, ದಸರಾ ಪೂಜೆಗೆ ಯುವಕರನ್ನು ಕುರ್ಚಿ ಎತ್ತಿಡಲು ಕರೆಯುವಂತೆಯೇ, ತಿಂಗಳಿಗೊಂದು ಸಂಜೆ ಚಹಾಕ್ಕೂ ಕರೆಯಬಹುದು. ಸಂಘದ ಕೋಣೆಯಲ್ಲಿ ಹಣವಿಲ್ಲದ ಒಂದು ಬ್ರಿಜ್ ಮೇಜು, ಒಂದು ಚೆಸ್ ಬೋರ್ಡ್ ಇದ್ದರೆ ಕೋಣೆಯಲ್ಲಿ ಒಂಟಿಯಾಗಿ ಫೋನ್ ಹಿಡಿದು ಕೂರುವವನಿಗೆ ಎದುರಿಗೊಂದು ಮುಖ ಸಿಗುತ್ತದೆ. ‘ಇವತ್ತಿಗೆ ಸಾಕು’ ಎನ್ನುವ ಮುಖ.

ಸಂಜೆ ಸಿಯಾಲ್ದಾದಿಂದ ಹೊರಟ ಲೋಕಲ್‌ಗೆ ಡಮ್ ಡಮ್‌ನಲ್ಲಿ ಬೆಳಗಿನವರು ಮೆಟ್ರೋ ಇಳಿದು ಬಂದು ಹತ್ತುತ್ತಾರೆ. ಟವೆಲ್ ಮತ್ತೆ ಹಾಸಿಕೊಳ್ಳುತ್ತದೆ. ಬೆಳಿಗ್ಗೆ ಸೋತವನ ಮುಖದಲ್ಲಿ ಆ ಸಿಟ್ಟು ಈಗ ಇರುವುದಿಲ್ಲ. ಕೈಗೆ ಬಂದ ನಾಲ್ಕು ಎಲೆ ನೋಡಿ, ತುಸು ಯೋಚಿಸಿ, ‘ಪಾಸ್’ ಎನ್ನುತ್ತಾನೆ. ಅವನ ಊರು ಬರಲು ಇನ್ನೂ ಹೊತ್ತಿದೆ. ಬಂದಾಗ ಅವನು ಇಳಿಯುತ್ತಾನೆ.